ಬಿಸಿ ನೆಲದ ಮೇಲೆ ಹಲಗೆಯ ಹಾದಿ

ಪಾಲಾರಿವಟ್ಟದ ಕನ್ನಡಿಗರೊಬ್ಬರ ಮನೆಯಲ್ಲಿ ಒಂದು ಸಂಜೆ ನಾಲ್ಕಾರು ಸಂಸಾರಗಳು ಸೇರಿದ್ದೆವು. ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿ, ಹಾಗೆಯೇ ಹವಾಯಿ ದ್ವೀಪವನ್ನೂ ಕಂಡು ಬಂದಿದ್ದ ದಂಪತಿಗಳು ತಾವು ತೆಗೆದ ಚಿತ್ರಗಳನ್ನು ತೋರಿಸುತ್ತಿದ್ದರು. ಒಂದು ಚಿತ್ರದಲ್ಲಿ ನೆಲದ ಬಿರುಕುಗಳಿಂದ ಬಿಳಿಯ ಹಬೆ ಏಳುತ್ತಿತ್ತು. ಅಕ್ಕಪಕ್ಕದ ಕಲ್ಲುಗಳಿಗೆ ಅರಿಶಿನ ಮೆತ್ತಿದ ಹಾಗೆ ಗಂಧಕದ ಹರಳುಗಳು ಅಂಟಿದ್ದವು. ಇವುಗಳ ನಡುವೆ ಮರದ ಹಲಗೆ ಜೋಡಿಸಿದ ಒಂದು ಕಿರುದಾರಿ, ಅದರ ಮೇಲೆ ಕೈಕಟ್ಟೆ ಹಿಡಿದು ನಿಂತ ನಮ್ಮ ದಂಪತಿಗಳು.

ಗುಂಪಿನಲ್ಲಿ ಪುತ್ತೂರು ಕಡೆಯ ಒಬ್ಬ ಅಜ್ಜಿ ಇದ್ದರು. ಕನ್ನಡಕ ಸರಿಮಾಡಿಕೊಂಡು ಚಿತ್ರವನ್ನು ನೋಡಿದ ಅವರು, "ಇದು ನಮ್ಮ ಬೆಂದ್ರ್ ತೀರ್ಥದ ಹಾಗೆಯೇ ಉಂಟಲ್ಲ!" ಎಂದರು. ಎಲ್ಲರೂ ನಕ್ಕರು. ಅಜ್ಜಿ ಮಾತ್ರ ನಗಲಿಲ್ಲ. "ನಗುವುದೆಂಥದಕ್ಕೆ? ಅಲ್ಲಿಯೂ ಭೂಮಿಯೊಳಗಿಂದ ಬಿಸಿನೀರು ಬರುವುದೇ ಅಲ್ಲವಾ?" ಎಂದು ಕೇಳಿದರು.

ಆ ಪ್ರಶ್ನೆಗೆ ಅಂದು ಯಾರಿಂದಲೂ ನೆಟ್ಟಗೆ ಉತ್ತರ ಬರಲಿಲ್ಲ. ಹವಾಯಿಯ ಹಬೆಗೂ ನಮ್ಮೂರ ಬಿಸಿನೀರಿಗೂ ಸಂಬಂಧವುಂಟೆ? ನಮ್ಮ ಕರಾವಳಿಯಲ್ಲಿ ಎಂದಾದರೂ ಜ್ವಾಲಾಮುಖಿ ಇತ್ತೆ? ಅಂಥ ನೆಲದ ಮೇಲೆ ಜನ ಹೇಗೆ ನಡೆದುಕೊಂಡರು? ಅಜ್ಜಿಯ ಮಾತಿನ ಬೆನ್ನು ಹಿಡಿದು ಹೋದಾಗ ಕಂಡ ಇತಿಹಾಸವನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಪೆಲೆ ದೇವಿಯ ಅಂಗಳ

ಚಿತ್ರದಲ್ಲಿದ್ದ ಸ್ಥಳ ಹವಾಯಿ ದ್ವೀಪದ ಕಿಲಾವೆಯಾ ಜ್ವಾಲಾಮುಖಿಯ ನೆತ್ತಿಯಲ್ಲಿದೆ. ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರ. ಇಂಗ್ಲಿಷಿನಲ್ಲಿ ಇದನ್ನು ಗಂಧಕದ ದಿಬ್ಬವೆಂದು ಕರೆಯುತ್ತಾರೆ. ಮೂಲ ಹವಾಯಿಯನರು ಇಟ್ಟ ಹೆಸರು ಹಾಅಕುಲಮನು. ಅದಕ್ಕೆ ಹಕ್ಕಿಗಳು ನೆರೆಯುವ ತಾಣದಂಥದ್ದು ಎಂಬ ಅರ್ಥವಿದೆ. ಹೋಗಿ ಬರುವ ದಾರಿ ಎರಡು ಕಿಲೋಮೀಟರಿನಷ್ಟು. ಅದರಲ್ಲಿ ಬಿಸಿ ನೆಲದ ಮೇಲೆ ಹಾಯುವ ಭಾಗಕ್ಕೆ ಮಾತ್ರ ಹಲಗೆ ಹಾಸಿದ್ದಾರೆ.

ಅಲ್ಲಿ ನಡೆಯುವ ಕ್ರಿಯೆ ನಮ್ಮ ಅಡುಗೆಮನೆಯ ಕಾದ ಕಾವಲಿಯ ಮೇಲೆ ನೀರು ಚಿಮುಕಿಸಿದಂತೆಯೇ. ಮಳೆಯ ನೀರು ಬಿರುಕುಗಳಲ್ಲಿ ಇಳಿದು, ಒಳಗೆ ಇನ್ನೂ ಆರದಿರುವ ಬಂಡೆಯನ್ನು ಮುಟ್ಟಿ, ಹಬೆಯಾಗಿ ಮರಳಿ ಬರುತ್ತದೆ. ಆಳದ ಶಿಲಾರಸದಿಂದ ಹೊರಟ ಗಂಧಕದ ಅನಿಲಗಳೂ ಅದರೊಡನೆ ಬರುತ್ತವೆ. ಅವು ಹೊರಗಿನ ಗಾಳಿಗೆ ತಣಿದಾಗ ಹಳದಿ ಹರಳುಗಳಾಗಿ ಕೂರುತ್ತವೆ. ಕಲ್ಲನ್ನು ತಿಂದು ಕೆಂಪು, ಕಂದು ಜೇಡಿಯನ್ನಾಗಿ ಮಾಡುತ್ತವೆ. ಸಮೀಪದ ಇನ್ನೊಂದು ಬಯಲಿನಲ್ಲಿ ಬರಿಯ ಹಬೆ ಮಾತ್ರ ಏಳುತ್ತದೆ. ಅಲ್ಲಿ ಮರಗಳಿಲ್ಲ. ಕೆಲವೇ ಅಡಿಗಳ ಕೆಳಗೆ ಮರದ ಬೇರು ಬದುಕಲಾರದಷ್ಟು ಬಿಸಿಯಿರುವುದರಿಂದ ಮೇಲೆ ಮೇಲೆ ಬೇರು ಬಿಡುವ ಹುಲ್ಲು ಮಾತ್ರ ಬೆಳೆಯುತ್ತದೆ.

ಈ ನೆಲವನ್ನು ಹವಾಯಿಯ ಜನ ಪೆಲೆ ಎಂಬ ದೇವಿಯ ಮನೆಯೆಂದು ನಂಬಿದವರು. 1823ರಲ್ಲಿ ಇಂಗ್ಲಿಷ್ ಪಾದ್ರಿ ವಿಲಿಯಂ ಎಲ್ಲಿಸ್ ಕಿಲಾವೆಯಾಕ್ಕೆ ಬಂದು ಅದರ ವರ್ಣನೆಯನ್ನು ಬರೆದಿಟ್ಟರು. ಹಸಿದಿದ್ದ ಎಲ್ಲಿಸರ ತಂಡ ದಾರಿಬದಿಯ ಓಹೆಲೊ ಹಣ್ಣುಗಳನ್ನು ಕಿತ್ತು ತಿನ್ನತೊಡಗಿದಾಗ ಜೊತೆಗಿದ್ದ ಸ್ಥಳೀಯರು ಹೌಹಾರಿದರು. ಮೊದಲು ಪೆಲೆಗೆ ಅರ್ಪಿಸದೆ ಆ ಹಣ್ಣನ್ನು ಬಾಯಿಗಿಡಬಾರದೆಂಬುದು ಅಲ್ಲಿಯ ಕಟ್ಟಳೆ. ಮರುವರ್ಷ, 1824ರ ಡಿಸೆಂಬರಿನಲ್ಲಿ, ಕ್ರೈಸ್ತಮತಕ್ಕೆ ಸೇರಿದ್ದ ಕಪಿಯೋಲಾನಿ ಎಂಬ ರಾಜವಂಶದ ಹೆಣ್ಣುಮಗಳು ಬೇಕೆಂದೇ ಈ ಕಟ್ಟಳೆಯನ್ನು ಮುರಿದು, ಹಣ್ಣು ತಿಂದು, ಜ್ವಾಲಾಮುಖಿಯ ಕುಳಿಗೆ ಇಳಿದಳು. ಏನೂ ಆಗಲಿಲ್ಲ. ಹಳೆಯ ಭಯ ಸಡಿಲವಾದ ದಿನವೆಂದು ಅಲ್ಲಿಯ ಇತಿಹಾಸಕಾರರು ಅದನ್ನು ಗುರುತಿಸುತ್ತಾರೆ.

ಭಯ ಹೋದ ಮೇಲೆ ಪ್ರವಾಸಿಗರು ಬಂದರು. 1846ರಲ್ಲಿ ಒಂದು ಹುಲ್ಲು ಗುಡಿಸಲು, 1866ರಲ್ಲಿ ಇನ್ನೊಂದು ಮನೆ, ಹೀಗೆ ಅಲ್ಲಿ ವಸತಿಗೃಹ ಬೆಳೆಯಿತು. 1877ರಲ್ಲಿ ಕಟ್ಟಿದ ಕಟ್ಟಡ ಇಂದಿಗೂ ಉಳಿದು ಕಲಾಕೇಂದ್ರವಾಗಿದೆ. ಬಂದ ಅತಿಥಿಗಳು ನೆಲದ ಹಬೆಯಲ್ಲೇ ಸ್ನಾನ ಮಾಡುತ್ತಿದ್ದರು. 1902ರಲ್ಲಿ ಮಾರ್ಟಿನೀಕ್ ದ್ವೀಪದಲ್ಲಿ ಒಂದೇ ಬೆಳಗಿನಲ್ಲಿ ಸುಟ್ಟು ಹೋದ ಒಂದು ಪಟ್ಟಣದ ಅವಶೇಷಗಳನ್ನು ಕಣ್ಣಾರೆ ಕಂಡಿದ್ದ ವಿಜ್ಞಾನಿ ಥಾಮಸ್ ಜಾಗರ್ 1912ರಲ್ಲಿ ಕಿಲಾವೆಯಾದ ಅಂಚಿನಲ್ಲಿ ವೀಕ್ಷಣಾಲಯವನ್ನು ಸ್ಥಾಪಿಸಿದರು. 1916ರ ಆಗಸ್ಟ್ 1ರಂದು ಇಡೀ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು. ದೇವಿಯ ಭಯ ಹಾಕಿದ್ದ ಬೇಲಿಯ ಜಾಗದಲ್ಲಿ ಸರಕಾರದ ಕಾನೂನಿನ ಬೇಲಿ ಬಂತು. ಹಲಗೆಯ ಹಾದಿ ಆ ಬೇಲಿಯ ಒಂದು ಅಂಗ.

ಹಲಗೆಯನ್ನು ಕಲಿಸಿದ ಪಾಠಗಳು

ಹಲಗೆಯೇಕೆ, ನೆಲದ ಮೇಲೆಯೇ ನಡೆಯಬಾರದೇ ಎಂದು ಕೇಳಬಹುದು. ಇಂಥ ಜಾಗಗಳಲ್ಲಿ ಕಾಣುವ ನೆಲ ಹಾಲಿನ ಕೆನೆಯಂತೆ. ಮೇಲೆ ಗಟ್ಟಿ, ಕೆಳಗೆ ಕುದಿಯುವ ನೀರು.

ಅಮೆರಿಕದ ಯೆಲ್ಲೋಸ್ಟೋನಿನಲ್ಲಿ ಈ ಪಾಠ ಬಹಳ ಬೆಲೆ ತೆಗೆದುಕೊಂಡಿತು. 1870ರಲ್ಲಿ ಅಲ್ಲಿಗೆ ಹೋದ ಅನ್ವೇಷಕರ ತಂಡದ ಟ್ರೂಮನ್ ಎವರ್ಟ್ಸ್ ದಾರಿ ತಪ್ಪಿ 37 ದಿನ ಒಬ್ಬರೇ ಅಲೆದರು. ಚಳಿಯಿಂದ ಅವರನ್ನು ಉಳಿಸಿದ್ದು ಬಿಸಿನೀರ ಬುಗ್ಗೆಗಳ ಕಾವು. ಅದೇ ಬುಗ್ಗೆಯ ತೆಳ್ಳನೆಯ ನೆಲ ಕುಸಿದು ಅವರ ಸೊಂಟದ ಭಾಗ ಬೆಂದಿತು ಕೂಡ. ಕಾಯುವುದೂ ಸುಡುವುದೂ ಒಂದೇ ಶಕ್ತಿ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ. 1872ರ ಮಾರ್ಚ್ 1ರಂದು ಯೆಲ್ಲೋಸ್ಟೋನ್ ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನವೆನಿಸಿತು. ಆದರೂ ಅಲ್ಲಿಯ ಬಿಸಿನೀರಿಗೆ ಬಿದ್ದು ಸತ್ತವರ ಸಂಖ್ಯೆ ಈವರೆಗೆ ಇಪ್ಪತ್ತನ್ನು ಮೀರಿದೆ. 2016ರಲ್ಲಿ ಹಲಗೆಯ ಹಾದಿಯಿಂದ ಆಚೆ ಹೋದ ತರುಣನೊಬ್ಬ ಜಾರಿ ಬಿದ್ದಾಗ, ಆಮ್ಲಭರಿತ ಬಿಸಿನೀರಿನಲ್ಲಿ ಅವನ ದೇಹವೂ ಸಿಗಲಿಲ್ಲ.

ಮನುಷ್ಯನನ್ನು ನೆಲದಿಂದ ರಕ್ಷಿಸುವುದಷ್ಟೇ ಹಲಗೆಯ ಕೆಲಸವಲ್ಲ. ನೆಲವನ್ನು ಮನುಷ್ಯನಿಂದ ರಕ್ಷಿಸುವುದೂ ಅದರ ಕೆಲಸ. ಯೆಲ್ಲೋಸ್ಟೋನಿನಲ್ಲಿ ಕರವಸ್ತ್ರದ ಕೊಳವೆಂದು ಹೆಸರಾದ ಒಂದು ಬುಗ್ಗೆಯಿತ್ತು. ಅದರಲ್ಲಿ ಕರವಸ್ತ್ರ ಹಾಕಿದರೆ ನೀರು ಒಳಗೆಳೆದುಕೊಂಡು, ಸ್ವಲ್ಪ ಹೊತ್ತಿನ ಮೇಲೆ ಒಗೆದಂತೆ ಶುಭ್ರವಾಗಿ ಮೇಲೆ ತರುತ್ತಿತ್ತು. ಜನಕ್ಕೆ ಇದೊಂದು ವಿನೋದವಾಯಿತು. ಕರವಸ್ತ್ರದ ಜೊತೆಗೆ ಕಂಡಕಂಡದ್ದನ್ನೆಲ್ಲ ಎಸೆದರು. 1920ರ ದಶಕ ಮುಗಿಯುವ ಹೊತ್ತಿಗೆ ಬುಗ್ಗೆಯ ಗಂಟಲು ಕಟ್ಟಿ ಆಟ ನಿಂತುಹೋಯಿತು.

ಹಲಗೆ ಹಾಸಿದ ಮಾತ್ರಕ್ಕೆ ಎಲ್ಲವೂ ಸುರಕ್ಷಿತವೆಂದಲ್ಲ. 2024ರ ಜುಲೈ 23ರಂದು ಯೆಲ್ಲೋಸ್ಟೋನಿನ ಒಂದು ಬುಗ್ಗೆಯ ಬಳಿ ಹಬೆ ಸ್ಫೋಟಿಸಿ ಕಲ್ಲು ಕೆಸರು ಎರಚಿ, ಹಲಗೆಯ ಹಾದಿಯನ್ನೇ ಮುರಿದುಹಾಕಿತು. ಜನ ಓಡಿ ಪಾರಾದರು. ನ್ಯೂಜಿಲೆಂಡಿನ ವಾಕಾರಿ ದ್ವೀಪದಲ್ಲಿ 2019ರ ಡಿಸೆಂಬರ್ 9ರಂದು ಆ ಅದೃಷ್ಟವಿರಲಿಲ್ಲ. ಕುಳಿಯ ಹಬೆ ನೋಡಲು ಹೋಗಿದ್ದ 47 ಮಂದಿಯಲ್ಲಿ 22 ಮಂದಿ ಪ್ರಾಣ ಕಳೆದುಕೊಂಡರು.

ಇಂಥ ನೆಲದ ಜೊತೆ ಬಾಳುವುದು ಹೇಗೆಂಬುದಕ್ಕೆ ಅದೇ ನ್ಯೂಜಿಲೆಂಡಿನ ರೋಟೊರುವಾ ಊರಿನ ಚರಿತ್ರೆ ನಮಗೆ ಹೆಚ್ಚು ಉಪಯುಕ್ತ. ಅಲ್ಲಿ ಮಾವೊರಿ ಜನ ತಲೆತಲಾಂತರದಿಂದ ಬುಗ್ಗೆಗಳ ಬಿಸಿಯಲ್ಲಿ ಅಡುಗೆ ಮಾಡಿ, ಮಿಂದು, ಪ್ರವಾಸಿಗರಿಗೆ ದಾರಿ ತೋರಿಸಿ ಬದುಕಿದವರು. 1886ರ ಜೂನ್ 10ರ ರಾತ್ರಿ ತರವೇರಾ ಬೆಟ್ಟ ಸಿಡಿದು ಸುಮಾರು 120 ಜನ ಸತ್ತಾಗ, ಮಾರ್ಗದರ್ಶಿ ಸೋಫಿಯಾ ಎಂಬಾಕೆಯ ಗಟ್ಟಿಮುಟ್ಟಾದ ಮನೆ ಅರವತ್ತಕ್ಕೂ ಹೆಚ್ಚು ಮಂದಿಗೆ ಆಸರೆಯಾಯಿತು. ಮುಂದೆ ಊರು ಬೆಳೆದು ಪಟ್ಟಣವಾಯಿತು. ಮನೆ ಬಿಸಿಮಾಡಲು, ಈಜುಕೊಳ ತುಂಬಲು ಜನ ತಮ್ಮ ತಮ್ಮ ಹಿತ್ತಲಲ್ಲಿ ಕೊಳವೆ ಕೊರೆದರು. ಬರಬರುತ್ತ ಚಿಲುಮೆಗಳು ಸೊರಗಿದವು. ಪಾಪಕುರಾ ಎಂಬ ಚಿಲುಮೆ 1979ರಲ್ಲಿ ನಿಂತೇಹೋಯಿತು. ಕೊನೆಗೆ 1986-87ರಲ್ಲಿ ಸರಕಾರ, ಪೊಹುಟು ಎಂಬ ದೊಡ್ಡ ಚಿಲುಮೆಯ ಸುತ್ತ ಒಂದೂವರೆ ಕಿಲೋಮೀಟರಿನೊಳಗಿನ ಕೊಳವೆಗಳನ್ನೆಲ್ಲ ಮುಚ್ಚಿಸಿತು. ಜನರ ಪ್ರತಿಭಟನೆಗೂ ಜಗ್ಗಲಿಲ್ಲ. ಭೂಮಿಯೊಳಗಿನ ಒತ್ತಡ ಮೆಲ್ಲಮೆಲ್ಲನೆ ಮರಳಿತು. 2015ರಲ್ಲಿ, ಮೂವತ್ತಾರು ವರ್ಷಗಳ ಮೌನದ ಬಳಿಕ, ಪಾಪಕುರಾ ಮತ್ತೆ ಚಿಮ್ಮಿತು. ಈ ಘಟನೆಯನ್ನು ನೆನಪಿನಲ್ಲಿಟ್ಟುಕೊಂಡು ಇನ್ನು ನಮ್ಮ ಊರಿಗೆ ಬರೋಣ.

ಬೆಂದ್ರ್ ತೀರ್ಥ

ಪುತ್ತೂರು ತಾಲೂಕಿನ ಇರ್ದೆ ಗ್ರಾಮದಲ್ಲಿ, ಸೀರೆ ಹೊಳೆಯ ದಡದಲ್ಲಿ ಬೆಂದ್ರ್ ತೀರ್ಥವಿದೆ. ಪುತ್ತೂರಿನಿಂದ ಪಾಣಾಜೆಯ ಕಡೆಗೆ ಹೋಗುವ ದಾರಿ. ಅಲ್ಲಿಂದ ಮುಂದೆ ಕಾಸರಗೋಡು ಜಿಲ್ಲೆಯ ಗಡಿ ಬಹಳ ದೂರವಿಲ್ಲ. ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರು. ಬೆಂದ, ಬೇಯು ಎಂಬ ನಮ್ಮ ಮಾತುಗಳ ಬಳಗವೇ ಅದು. ತೀರ್ಥ ಎಂಬುದು ಮೇಲಿನಿಂದ ಬಂದ ಗೌರವ. ಹೀಗೆ ಹೆಸರಿನ ಒಂದು ಭಾಗ ಅನುಭವವನ್ನೂ ಇನ್ನೊಂದು ಭಾಗ ಭಕ್ತಿಯನ್ನೂ ಹೇಳುತ್ತದೆ.

ಇಲ್ಲಿ ಹವಾಯಿಯಂತೆ ಹಬೆಯ ಮೋಡವಿಲ್ಲ, ಗಂಧಕದ ಹರಳಿಲ್ಲ. ಕಟ್ಟಿದ ಕೊಳದಲ್ಲಿ ಉಗುರುಬೆಚ್ಚಗಿನ ನೀರು, ಅದಕ್ಕೆ ಗಂಧಕದ ಸಣ್ಣ ವಾಸನೆ. ಉಷ್ಣತೆ ಸುಮಾರು 37ರಿಂದ 40 ಡಿಗ್ರಿ ಸೆಲ್ಸಿಯಸ್. ನಮ್ಮ ಮೈಯ ಬಿಸಿಗೆ ಸಮ, ಇಲ್ಲವೇ ತುಸು ಹೆಚ್ಚು. ಈ ನೀರಿನಲ್ಲಿ ಮಿಂದರೆ ಚರ್ಮರೋಗ ಹೋಗುವುದೆಂಬ ನಂಬಿಕೆಯಿಂದ ಜನ ಬರುತ್ತಾರೆ. ದಕ್ಷಿಣ ಭಾರತದಲ್ಲಿ ಇದೊಂದೇ ಬಿಸಿನೀರ ಬುಗ್ಗೆ ಎಂದು ಅನೇಕ ಕಡೆ ಬರೆದಿರುವುದುಂಟು. ಅದು ಅಭಿಮಾನದ ಮಾತು. ಗೋದಾವರಿ ಕಣಿವೆಯಲ್ಲಿಯೂ ಬಿಸಿನೀರ ಬುಗ್ಗೆಗಳಿವೆ. ಆದರೆ ನಮ್ಮ ಕನ್ನಡ ಕರಾವಳಿಯಲ್ಲಿ ಇಷ್ಟು ಹೆಸರಾದದ್ದು ಬೇರೊಂದಿಲ್ಲ ಎನ್ನಲು ಅಡ್ಡಿಯಿಲ್ಲ.

ಹಾಗಾದರೆ ಈ ನೀರನ್ನು ಕಾಯಿಸುವವರು ಯಾರು? ಜ್ವಾಲಾಮುಖಿಯಲ್ಲ. ಭೂಮಿಯಲ್ಲಿ ಆಳಕ್ಕೆ ಇಳಿದಂತೆ ಪ್ರತಿ ಕಿಲೋಮೀಟರಿಗೆ ಸುಮಾರು 25ರಿಂದ 30 ಡಿಗ್ರಿ ಬಿಸಿ ಏರುತ್ತದೆ. ಕೋಲಾರದ ಚಿನ್ನದ ಗಣಿಯಲ್ಲಿ ದುಡಿದವರಿಗೆ ಆಳದ ಬಿಸಿಯನ್ನು ವಿವರಿಸಬೇಕಿಲ್ಲ. ಘಟ್ಟದ ಮಳೆ ಬಂಡೆಯ ಸೀಳುಗಳಲ್ಲಿ ಆಳಕ್ಕೆ ಇಳಿದು, ಅಲ್ಲಿ ಕಾದು, ಇನ್ನೊಂದು ಸೀಳಿನಲ್ಲಿ ಬೇಗ ಮೇಲೇರಿದರೆ ಬಿಸಿ ಬುಗ್ಗೆಯಾಗುತ್ತದೆ. ಕೊಂಕಣ ತೀರದುದ್ದಕ್ಕೂ ಇಂಥ ಬುಗ್ಗೆಗಳ ಸರಮಾಲೆಯೇ ಇದೆ. ರಾಜಾಪುರ, ಉನ್ಹವರೆ, ವಜ್ರೇಶ್ವರಿ, ಗಣೇಶಪುರಿ ಎಂದು ಮುಂಬಯಿ ಕನ್ನಡಿಗರು ಹೆಸರು ಹೇಳಬಲ್ಲರು.

ಗಣೇಶಪುರಿಯೆಂದಾಗ ನಮ್ಮ ಕೇರಳದ ನೆನಪೂ ಬರಬೇಕು. ಅಲ್ಲಿ 1930ರ ದಶಕದಲ್ಲಿ ಬಂದು ನೆಲೆಸಿ 1961ರ ಆಗಸ್ಟ್ 8ರಂದು ಸಮಾಧಿಸ್ಥರಾದ ನಿತ್ಯಾನಂದ ಸ್ವಾಮಿಗಳು ಕೇರಳದಲ್ಲಿ ಬೆಳೆದವರು. ಕಾಸರಗೋಡಿನ ಕಾಞಂಗಾಡಿನಲ್ಲಿ ಅವರು ಮುರಕಲ್ಲನ್ನು ಕೊರೆಸಿ ಮಾಡಿಸಿದ ಗುಹಾಶ್ರಮ ಇಂದಿಗೂ ಇದೆ. ದಕ್ಷಿಣ ಕನ್ನಡದಲ್ಲಿ ಅವರ ಭಕ್ತರಿಲ್ಲದ ಊರಿಲ್ಲ. ಗಣೇಶಪುರಿಯ ಬಿಸಿನೀರ ಕುಂಡಗಳನ್ನು ಅವರೇ ಶುಚಿಗೊಳಿಸಿ ದುರಸ್ತಿ ಮಾಡಿಸಿದರೆಂದು ಭಕ್ತರು ಹೇಳುತ್ತಾರೆ. ಬಿಸಿನೀರು, ಮಠ, ಮೀಯುವ ಜನ, ಈ ಮೂರೂ ನಮ್ಮಲ್ಲಿ ಬೇರೆಬೇರೆಯಾಗಿರಲಿಲ್ಲ.

ನಮ್ಮ ದೇಶದ ಬಿಸಿನೀರ ಬುಗ್ಗೆಗಳನ್ನು ವಿಜ್ಞಾನದ ದೃಷ್ಟಿಯಿಂದ ಪಟ್ಟಿಮಾಡಲು ಹೊರಟವರಲ್ಲಿ ಮುಖ್ಯರು ಥಾಮಸ್ ಓಲ್ಡ್‌ಹ್ಯಾಮ್. 1851ರಲ್ಲಿ ಭಾರತಕ್ಕೆ ಬಂದು ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ತಳಹದಿ ಹಾಕಿದವರು ಅವರು. ಅವರು ಕೂಡಿಹಾಕಿದ್ದ ಸುಮಾರು 300 ಬುಗ್ಗೆಗಳ ವಿವರ ಅವರು ತೀರಿಕೊಂಡ ಮೇಲೆ, 1880ರ ದಶಕದ ಆರಂಭದಲ್ಲಿ, ಮಗ ರಿಚರ್ಡ್ ಓಲ್ಡ್‌ಹ್ಯಾಮ್ ಅವರ ಸಂಪಾದನೆಯಲ್ಲಿ ಅಚ್ಚಾಯಿತು. ಇದೇ ಮಗ 1906ರಲ್ಲಿ ಭೂಕಂಪದ ಅಲೆಗಳನ್ನು ಅಭ್ಯಸಿಸಿ, ಭೂಮಿಗೆ ಬೇರೆಯೇ ಆದ ಒಂದು ತಿರುಳಿದೆ ಎಂದು ತೋರಿಸಿಕೊಟ್ಟರು. ಬುಗ್ಗೆಯ ನೀರನ್ನು ಅಳೆಯುವುದರಿಂದ ಭೂಮಿಯ ಎದೆಯನ್ನು ತಲಪಿದ ಮನೆತನ ಅದು.

ಕನ್ನಡದಲ್ಲಿ ಈ ಬಗೆಯ ತಿಳುವಳಿಕೆಯನ್ನು ಜನರಿಗೆ ಮುಟ್ಟಿಸಲು ಒಬ್ಬರೇ ಕುಳಿತು 'ಬಾಲಪ್ರಪಂಚ', 'ವಿಜ್ಞಾನ ಪ್ರಪಂಚ' ಸಂಪುಟಗಳನ್ನು ಹೊರತಂದ ಶಿವರಾಮ ಕಾರಂತರು ದೀರ್ಘಕಾಲ ಬಾಳಿದ್ದು ಬೆಂದ್ರ್ ತೀರ್ಥಕ್ಕೆ ಸಮೀಪದ ಪುತ್ತೂರಿನಲ್ಲೇ ಎಂಬುದನ್ನು ಇಲ್ಲಿ ಸ್ಮರಿಸುವುದು ಉಚಿತ.

ನಮ್ಮ ಜ್ವಾಲಾಮುಖಿ ಎಲ್ಲಿ ಹೋಯಿತು?

ಜ್ವಾಲಾಮುಖಿ ಎಂಬ ಮಾತನ್ನೇ ನಾವು ದೇವಿಯಿಂದ ಪಡೆದಿದ್ದೇವೆ. ಹಿಮಾಚಲದ ಕಾಂಗ್ರಾದಲ್ಲಿ ಬಂಡೆಯ ಸಂದಿನಿಂದ ಬರುವ ಉರಿಯನ್ನು ಜ್ವಾಲಾಮುಖಿ ದೇವಿಯೆಂದು ಪೂಜಿಸುತ್ತಾರೆ. ಅದು ನೆಲದಡಿಯ ಅನಿಲ ಹೊತ್ತಿ ಉರಿಯುವುದೇ ಹೊರತು ಬೆಂಕಿಯ ಬೆಟ್ಟವಲ್ಲ. ಭಾರತದಲ್ಲಿ ಇಂದು ಜೀವಂತವಾಗಿರುವ ಜ್ವಾಲಾಮುಖಿ ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪವೊಂದೇ. 1787ರಲ್ಲಿ ಹಡಗಿನವರು ಅದರ ಹೊಗೆಯನ್ನು ಕಂಡು ಬರೆದಿಟ್ಟರು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ತಣ್ಣಗಾದದ್ದು 1991ರಲ್ಲಿ ಮತ್ತೆ ಎದ್ದಿತು. ಅಲ್ಲಿ ಪ್ರವಾಸಿಗರು ಇಳಿಯುವಂತಿಲ್ಲ, ಹಡಗಿನಿಂದಲೇ ನೋಡಬೇಕು.

ಆದರೆ ನಮ್ಮ ಪಡುವಣ ಕರಾವಳಿಯೇ ಒಂದು ಕಾಲಕ್ಕೆ ಬೆಂಕಿಯಲ್ಲಿ ಬೆಂದು ರೂಪಗೊಂಡದ್ದು. ಮಲ್ಪೆಯಿಂದ ದೋಣಿಯಲ್ಲಿ ಹೋಗಿ ನೋಡುವ ಸೇಂಟ್ ಮೇರಿ ದ್ವೀಪ ಇದಕ್ಕೆ ಸಾಕ್ಷಿ. ಊರವರು ಅದನ್ನು ತೋನ್ಸೆಪಾರ್ ಎನ್ನುತ್ತಾರೆ. ಬಡಗಿ ಕೆತ್ತಿ ನಿಲ್ಲಿಸಿದ ಹಾಗೆ ಐದು, ಆರು, ಏಳು ಮುಖಗಳ ಕಲ್ಲಿನ ಕಂಬಗಳು ಅಲ್ಲಿ ಒತ್ತೊತ್ತಾಗಿ ನಿಂತಿವೆ. ಬೇಸಿಗೆಯಲ್ಲಿ ಕೆರೆಯ ಕೆಸರು ಒಣಗಿ ಬಿರಿಯುವುದನ್ನು ನೋಡಿದವರಿಗೆ ಇದರ ಮರ್ಮ ಹೊಳೆದೀತು. ಹರಿದು ಬಂದ ಶಿಲಾರಸ ನಿಧಾನವಾಗಿ ಆರುತ್ತ ಕುಗ್ಗಿದಾಗ ಹೀಗೆ ಬಿರಿಯಿತು. ಆದದ್ದು ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ. ಆಗ ಭಾರತಕ್ಕೆ ಅಂಟಿಕೊಂಡಿದ್ದ ಮಡಗಾಸ್ಕರ್ ಬೇರೆಯಾಗುತ್ತಿತ್ತು. ಮಡಗಾಸ್ಕರಿನ ಅಗ್ನಿಶಿಲೆಗಳಿಗೆ 1995ರಲ್ಲಿ ಪ್ರಕಟವಾದ ಅಧ್ಯಯನ ಸುಮಾರು 8.8 ಕೋಟಿ ವರ್ಷಗಳ ವಯಸ್ಸು ಕಟ್ಟಿತು. ಎರಡು ನೆಲಗಳ ಕಲ್ಲುಗಳೂ ಒಂದೇ ಕಾಲದ ಸೋದರರೆಂದು ಹೀಗೆ ತಿಳಿಯಿತು. ಕೇರಳದ ಕೋಟ್ಟಯಂ, ಇಡುಕ್ಕಿ ಬೆಟ್ಟಗಳಲ್ಲಿ ಹಳೆಯ ಬಂಡೆಯನ್ನು ಸೀಳಿ ನಿಂತ ಕಪ್ಪು ಕಲ್ಲಿನ ಗೋಡೆಗಳೂ ಹೀಗೆಯೇ ಕೆಳಗಿನಿಂದ ನುಗ್ಗಿ ಬಂದ ಶಿಲಾರಸವೇ.

ಈ ದ್ವೀಪಕ್ಕೆ ಮನುಷ್ಯರ ಇತಿಹಾಸವೂ ಸೇರಿಕೊಂಡಿದೆ. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬರುವಾಗ ಮೊದಲು ಇಲ್ಲಿ ಇಳಿದನೆಂದು ಹೇಳುವುದು ವಾಡಿಕೆ. ಅದು ಹಿಂದುಮುಂದಾದ ಮಾತು. 1498ರ ಮೇ ತಿಂಗಳಲ್ಲಿ ಅವನು ನೇರವಾಗಿ ಕಲ್ಲಿಕೋಟೆಯ ತೀರವನ್ನು ಸೇರಿದ. ಅಲ್ಲಿಂದ ಆಗಸ್ಟ್ ಕೊನೆಯಲ್ಲಿ ಹೊರಟು, ತಾಯ್ನಾಡಿಗೆ ಮರಳುವ ಹಾದಿಯಲ್ಲಿ, ಸೆಪ್ಟೆಂಬರಿನಲ್ಲಿ ಉತ್ತರದ ಒಂದು ನಡುಗಡ್ಡೆಯಲ್ಲಿ ಸಾಂತಾ ಮಾರಿಯಾ ಹೆಸರಿನ ಕಲ್ಲುಕಂಬ ನೆಟ್ಟನೆಂದು ಅವನ ಹಡಗಿನ ದಿನಚರಿ ಹೇಳುತ್ತದೆ. ಆ ನಡುಗಡ್ಡೆ ಇದೇ ಎಂಬುದು ಪರಂಪರೆಯ ಗುರುತು. ಗಾಮನ ಕಂಬ ಇಂದು ಕಾಣುವುದಿಲ್ಲ. ಒಂಬತ್ತು ಕೋಟಿ ವರ್ಷಗಳ ಕಂಬಗಳು ಮಾತ್ರ ನಿಂತಿವೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ನಮ್ಮ ಕಡೆಯ ಮುರಕಲ್ಲು, ಮಲಯಾಳಿಗಳ ವೆಟ್ಟುಕಲ್ಲು, ತೂತುತೂತಾಗಿ ಬೆಂದು ಆರಿದಂತೆ ಕಂಡರೂ ಅದು ಬೆಂಕಿಯ ಕೆಲಸವಲ್ಲ. ಸಾವಿರಾರು ಮಳೆಗಾಲಗಳ ಕೆಲಸ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಅಂಗಾಡಿಪುರದಲ್ಲಿ ಇದನ್ನು ಕಂಡು, 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟ. ಜಗತ್ತಿನ ಭೂವಿಜ್ಞಾನದ ಪುಸ್ತಕಗಳೆಲ್ಲ ಬಳಸುವ ಈ ಶಬ್ದ ನಮ್ಮ ಮನೆಗೋಡೆಯ ಕಲ್ಲಿನಿಂದ ಹುಟ್ಟಿದ್ದು.

ವರ್ಕಲದ ಬಂಡೆ

ತಿರುವನಂತಪುರ ಕಡೆಯ ನಮ್ಮ ಸದಸ್ಯರಿಗೆ ವರ್ಕಲ ಪರಿಚಿತ ಕ್ಷೇತ್ರ. ಅಲ್ಲಿ ಬಿಸಿನೀರಿಲ್ಲ, ಅಗ್ನಿಶಿಲೆಯೂ ಇಲ್ಲ. ಆದರೂ ನಮ್ಮ ಪ್ರಶ್ನೆಗೆ ಅದು ಸಂಬಂಧಪಟ್ಟದ್ದೇ. ಕಡಲಿಗೆ ನೆಟ್ಟಗೆ ನಿಂತ ಆ ಕೆಂಪು ದಡದ ಬುಡದಿಂದ ನೀರು ಒಸರುತ್ತದೆ. ಮೇಲಿನ ಮುರಕಲ್ಲು, ಮರಳುಕಲ್ಲುಗಳಲ್ಲಿ ಇಂಗಿದ ಮಳೆನೀರು ಕೆಳಗಿನ ಜೇಡಿಯ ಪದರವನ್ನು ದಾಟಲಾಗದೆ ಹೊರಬರುವುದು ಇದರ ಕಾರಣ. 1882ರಲ್ಲಿ ವಿಲಿಯಂ ಕಿಂಗ್ ಈ ಪದರಗಳಿಗೆ ವರ್ಕಲದ ಹೆಸರನ್ನೇ ಕೊಟ್ಟರು. ಜನ ಅದನ್ನು ಪಾಪನಾಶವೆಂದು ಕರೆದು, ಪಿತೃಗಳಿಗೆ ಬಲಿಯಿಟ್ಟು, ಜನಾರ್ದನನನ್ನು ನೋಡಿ ಬರುತ್ತಾರೆ.

2024ರ ಜೂನಿನಲ್ಲಿ ಪಾಪನಾಶದ ಬಳಿ ದಡದ ಒಂದು ಭಾಗ ಕುಸಿಯುವ ಅಪಾಯವಿದೆಯೆಂದು ಯಂತ್ರ ತಂದು ಕೆಡವಿದಾಗ ಭೂವಿಜ್ಞಾನಿಗಳು ಆಕ್ಷೇಪವೆತ್ತಿದರು. ಜನರ ಜೀವವೂ ದೊಡ್ಡದು, ನೆಲದ ದಾಖಲೆಯೂ ದೊಡ್ಡದು. ಎರಡನ್ನೂ ಉಳಿಸುವ ದಾರಿಯೊಂದು ಬೇಕು. ಅಂಥ ದಾರಿಯನ್ನು ಮೊದಲೇ ಹಾಕದಿದ್ದರೆ ಕೊನೆಗೆ ಯಂತ್ರವೇ ಬರುತ್ತದೆ.

ಅಜ್ಜಿಯ ಪ್ರಶ್ನೆಗೆ ಉತ್ತರ

ಈಗ ಅಜ್ಜಿಯ ಮಾತಿಗೆ ಮರಳಬಹುದು. ಹವಾಯಿಯದೂ ಬೆಂದ್ರ್ ತೀರ್ಥವೂ ಒಂದೇ ಅಲ್ಲ. ಅಲ್ಲಿ ಶಿಲಾರಸ ಕೆಲವು ಕಿಲೋಮೀಟರುಗಳ ಕೆಳಗೇ ಇದೆ. 2018ರಲ್ಲಿ ಕಿಲಾವೆಯಾದ ನೆತ್ತಿಯೇ ಕುಸಿದು, ಅದರ ಇಳಿಜಾರಿನಲ್ಲಿ 700 ಮನೆಗಳು ಲಾವಾದ ಪಾಲಾದವು. ಉದ್ಯಾನವನ್ನು ತಿಂಗಳುಗಟ್ಟಲೆ ಮುಚ್ಚಬೇಕಾಯಿತು. ನಮ್ಮಲ್ಲಿ ಅಂಥ ಬೆಂಕಿ ಆರಿ ಯುಗಗಳೇ ಕಳೆದಿವೆ. ಉಳಿದಿರುವುದು ಭೂಮಿಯ ಸಹಜವಾದ ಮೈಬಿಸಿ. ಆದರೂ ಅಜ್ಜಿ ಹೇಳಿದ್ದರಲ್ಲಿ ಒಂದು ಸತ್ಯವಿದೆ. ಎರಡು ಕಡೆಯೂ ಜನ ಆ ನೆಲದ ಮೇಲೆ ಕಂಡ ಹಾಗೆ ಓಡಾಡಲಿಲ್ಲ.

ಅಂದು ಸಂಜೆ ಅಜ್ಜಿ ತಮ್ಮ ಬಾಲ್ಯದ ಮಾತನ್ನು ಹೇಳಿದ್ದರು. ತೀರ್ಥಕ್ಕೆ ಕರೆದುಕೊಂಡು ಹೋದಾಗ ಅವರ ತಾಯಿ, ಅಲ್ಲಿ ಉಗುಳಬಾರದು, ಸಾಬೂನು ಹಚ್ಚಬಾರದು, ಮೊದಲು ಹೊಳೆಯಲ್ಲಿ ಕಾಲು ತೊಳೆದೇ ಇಳಿಯಬೇಕು ಎಂದು ತಾಕೀತು ಮಾಡುತ್ತಿದ್ದರಂತೆ. "ಮಾಡಿದರೆ ಎಂಥ ಆಗ್ತದೆ?" ಎಂದು ಕೇಳಿದರೆ, "ನೀರು ತಣ್ಣಗಾಗ್ತದೆ" ಎಂಬ ಉತ್ತರ. ಇದು ಹಲಗೆಯಿಲ್ಲದ ಹಲಗೆಯ ಹಾದಿ. ಇಲ್ಲಿಯವರೆಗೆ ಕಾಲಿಡು, ಇದರಾಚೆ ಬೇಡ ಎಂದು ಒಂದು ಕಟ್ಟಳೆ ನಡೆಯುವವನನ್ನು ತಡೆಯುತ್ತಿತ್ತು. ಹವಾಯಿಯಲ್ಲಿ ಓಹೆಲೊ ಹಣ್ಣು ಮಾಡಿದ್ದೂ ಅದೇ ಕೆಲಸ.

ನೀರು ತಣ್ಣಗಾದೀತೆಂಬ ಆ ತಾಯಿಯ ಮಾತನ್ನು ಮೂಢನಂಬಿಕೆಯೆಂದು ತಳ್ಳಿಹಾಕುವ ಮೊದಲು ರೋಟೊರುವಾವನ್ನು ನೆನೆಯಬೇಕು. ಬುಗ್ಗೆಯ ಬಿಸಿ ನಿಂತಿರುವುದು ಆಳದ ನೀರಿನ ಒತ್ತಡದ ಮೇಲೆ. ಸುತ್ತಲಿನ ತೋಟಗಳಲ್ಲಿ ನೂರಾರು ಅಡಿ ಕೊಳವೆ ಬಾವಿ ಕೊರೆದು ನೀರೆತ್ತಿದರೆ ಆ ಒತ್ತಡ ಇಳಿಯುತ್ತದೆ. ಆಳದ ಬಿಸಿನೀರು ಮೇಲೇರುವುದು ಕಡಿಮೆಯಾಗಿ, ಮೇಲಿನ ತಣ್ಣೀರು ಬೆರೆಯುವುದು ಹೆಚ್ಚುತ್ತದೆ. ಬುಗ್ಗೆ ತಣ್ಣಗಾಗುತ್ತದೆ, ಕೊನೆಗೆ ಬತ್ತುತ್ತದೆ. ಪುತ್ತೂರು ಸೀಮೆಯ ಅಡಿಕೆ ತೋಟಗಳು ಇಂದು ಕೊಳವೆ ಬಾವಿಯನ್ನೇ ನೆಚ್ಚಿವೆ. ತೋಟದವರ ಕಷ್ಟ ನಮಗೆ ಗೊತ್ತಿದೆ; ನಮ್ಮಲ್ಲಿ ಅನೇಕರ ಮನೆಯ ಅನ್ನವೂ ಆ ತೋಟದಿಂದಲೇ ಬಂದದ್ದು. ಆದರೂ ಬೆಂದ್ರ್ ತೀರ್ಥದ ಸುತ್ತ ಒಂದು ಗೆರೆ ಎಳೆದು, ಅದರೊಳಗೆ ಹೊಸ ಕೊಳವೆ ಬೇಡವೆಂದು ಊರವರೇ ಒಪ್ಪಿಕೊಂಡರೆ ಅದಕ್ಕಿಂತ ಒಳ್ಳೆಯ ಜೀರ್ಣೋದ್ಧಾರ ಬೇರೊಂದಿಲ್ಲ. ಕೊಳಕ್ಕೆ ಹೊಸ ಮೆಟ್ಟಿಲು ಕಟ್ಟಿಸುವುದು ಸುಲಭ; ನೀರಿನ ಬಿಸಿಯನ್ನು ಕಟ್ಟಿಸಿಕೊಡಲು ಯಾವ ಮೇಸ್ತ್ರಿಯಿಂದಲೂ ಆಗದು.

ಸೇಂಟ್ ಮೇರಿ ದ್ವೀಪದ ಮಾತೂ ಇದೇ. ರಜೆಗೆ ಊರಿಗೆ ಹೋದಾಗ ನಮ್ಮ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುತ್ತೇವೆ. ಕಂಬಗಳ ಮೇಲೆ ಹತ್ತಿಸಿ ಚಿತ್ರ ತೆಗೆಯುತ್ತೇವೆ. ಹೆಸರು ಗೀಚುವವರೂ ಇದ್ದಾರೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ಫಲಕವನ್ನು ಓದುವ ತಾಳ್ಮೆ ಎಷ್ಟು ಜನಕ್ಕಿದೆ? ಹವಾಯಿಯಲ್ಲಿ ಹಲಗೆಯಿಂದ ಕೆಳಗೆ ಕಾಲಿಡದೆ ಶಿಸ್ತಿನಿಂದ ನಡೆದು ಬರುವ ನಾವೇ ಮಲ್ಪೆಯಲ್ಲಿ ಇನ್ನೊಂದು ಬಗೆಯಾಗಿ ನಡೆದುಕೊಳ್ಳುವುದು ಏಕೆ? ಅಲ್ಲಿ ಹಲಗೆ ಕಣ್ಣಿಗೆ ಕಾಣುತ್ತದೆ, ಇಲ್ಲಿ ಕಾಣುವುದಿಲ್ಲ ಎಂಬುದಷ್ಟೇ ಉತ್ತರವಾದರೆ ನಾಚಿಕೆಯ ಸಂಗತಿ. ಹಿರಿಯರು ಹಾಕಿದ್ದ ಭಕ್ತಿಯ ಬೇಲಿಯನ್ನು ನಾವು ಕಿತ್ತಿದ್ದೇವೆ. ತಿಳುವಳಿಕೆಯ ಬೇಲಿಯನ್ನು ಇನ್ನೂ ಹಾಕಿಲ್ಲ.

ಕೊಚ್ಚಿಯ ಬಹುಭಾಗ ಹಿನ್ನೀರು ತಂದು ಹಾಕಿದ ಕೆಸರು ಮರಳಿನ ಎಳೆಯ ನೆಲ. 1341ರ ಪೆರಿಯಾರ್ ಪ್ರವಾಹದಿಂದ ಇಲ್ಲಿಯ ಅಳಿವೆಬಾಯಿ ತೆರೆದುಕೊಂಡಿತೆಂದು ಇತಿಹಾಸಕಾರರು ಹೇಳುತ್ತಾರೆ. ಇಂಥ ನೆಲದ ಮೇಲೆ ಮನೆ ಮಾಡಿಕೊಂಡ ನಮಗೆ ಭೂಮಿ ಸ್ಥಿರವಲ್ಲವೆಂಬುದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಮುಂದಿನ ರಜೆಯಲ್ಲಿ ಪುತ್ತೂರಿಗೆ ಹೋಗುವವರು ಇರ್ದೆಗೂ ಒಂದು ಗಳಿಗೆ ಹೋಗಿ ಬರಲಿ. ಜೊತೆಯಲ್ಲಿ ಮಕ್ಕಳಿರಲಿ. ಚಪ್ಪಲಿಯನ್ನು ದೂರ ಬಿಟ್ಟು, ಹೊಳೆಯಲ್ಲಿ ಕಾಲು ತೊಳೆದು, ನೀರಿಗೆ ಕೈಯದ್ದಿ ನೋಡಲಿ. ನೀರು ಇನ್ನೂ ಬೆಚ್ಚಗಿದ್ದರೆ ಅದನ್ನು ಪಾಲಾರಿವಟ್ಟದ ಅಜ್ಜಿಗೆ ಬಂದು ತಿಳಿಸಿದರೆ ಅವರಿಗೆ ಸಂತೋಷವಾಗುತ್ತದೆ.